ಸುರಕ್ಷಿತ ಗರ್ಭಪಾತ: ರಾಯಚೂರು ಸೀಮೆಯ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘದ ಸಭೆ ಮುಗಿದ ಮೇಲೆ, ಹತ್ತಿ ಬಿಡಿಸುವ ಹೊಲದಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆಗಳಿವು. ಯಾರೂ "ನನಗೆ" ಅಂತ ಶುರು ಮಾಡುವುದಿಲ್ಲ. "ಯಕ್ಕಾ, ನಮ್ಮ ಓಣ್ಯಾಗ ಒಬ್ಬಾಕಿ ಅದಾಳ, ಆಕಿಗೆ..." ಅಂತಲೇ ಮಾತು ತೆಗೆಯುತ್ತಾರೆ. ಆ ಒಬ್ಬಾಕೆಗೆ ಅಂತಲೇ ಈ ಉತ್ತರಗಳು. ಔಷಧ, ಚಿಕಿತ್ಸೆಯ ವಿಷಯದಲ್ಲಿ ಕೊನೆಯ ಮಾತು ಆಕೆಯನ್ನು ಪರೀಕ್ಷೆ ಮಾಡಿದ ಡಾಕ್ಟರದ್ದೇ.

ಗರ್ಭಪಾತ ಮಾಡಿಸಿಕೊಳ್ಳೋದು ಅಪರಾಧ ಅಲ್ವಾ?

ಕಾನೂನು ಹೇಳಿದ ರೀತಿಯಲ್ಲಿ ಮಾಡಿಸಿಕೊಂಡರೆ ಅಲ್ಲ. 1971ರಲ್ಲೇ ಇದಕ್ಕೆ ಕಾಯ್ದೆ ಬಂದಿದೆ, 1972ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಸ್ಪತ್ರೆಯವರು ಎಂಟಿಪಿ ಅನ್ನುವುದು ಇದಕ್ಕೇ. 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು.

ಒಂದು ಮಾತು ಮಾತ್ರ ನೆನಪಿರಲಿ. ನಮ್ಮ ಕಾಯ್ದೆಯಲ್ಲಿ "ಹೆಣ್ಣು ಬೇಡ ಅಂದರೆ ಸಾಕು" ಅಂತ ಎಲ್ಲೂ ಬರೆದಿಲ್ಲ. ಡಾಕ್ಟರ್ ಒಪ್ಪಬೇಕು. ಆಕೆಯ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ಗಂಭೀರ ತೊಂದರೆ, ಮಗುವಿಗೆ ಗಂಭೀರ ದೋಷ, ಅತ್ಯಾಚಾರ, ಬಳಸಿದ ಗರ್ಭನಿರೋಧಕ ಕೈಕೊಟ್ಟಿದ್ದು, ಇವು ಒಪ್ಪುವ ಕಾರಣಗಳು. ಇದರ ಆಚೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ಈಗಲೂ ಅದು ಅಪರಾಧವೇ. ಹೆದರಿಕೆ ಹುಟ್ಟುವುದು ಇಲ್ಲಿಂದ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಹೇಳುವುದಿಲ್ಲ. ಆರೋಗ್ಯಕ್ಕೆ ತೊಂದರೆಯಾಗುತ್ತದಾ ಅಂತ ನೋಡುವಾಗ ಆಕೆ ಈಗ ಬದುಕುತ್ತಿರುವ ಪರಿಸ್ಥಿತಿಯನ್ನೂ ಮುಂದೆ ಬರಬಹುದಾದ ಪರಿಸ್ಥಿತಿಯನ್ನೂ ಡಾಕ್ಟರ್ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಮೂರು ಮಕ್ಕಳು, ಕುಡಿಯುವ ಗಂಡ, ಮೇಲೊಂದಿಷ್ಟು ಸಾಲ ಇದ್ದರೆ ಅದನ್ನು ನುಂಗಿಕೊಳ್ಳದೆ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಅದು ಗೋಳಲ್ಲ, ಕಾನೂನಿನ ಪ್ರಕಾರ ಎಣಿಕೆಗೆ ಬರುವ ಮಾತು.

ಎಷ್ಟು ವಾರದವರೆಗೆ ಮಾಡ್ತಾರೆ? ವಾರ ಎಣಿಸೋದು ಹೇಗೆ?

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು. ಗಂಡನ ಜೊತೆ ಕೂಡಿದ ದಿನದಿಂದ ಅಲ್ಲ. ಹಾಗಾಗಿ ಮುಟ್ಟು ತಪ್ಪಿತು ಅಂತ ಗೊತ್ತಾಗುವ ದಿನವೇ ಸುಮಾರು ನಾಲ್ಕು ವಾರ ಆಗಿಹೋಗಿರುತ್ತದೆ. ಬಹಳ ಜನ ಎಡವುವುದು ಇಲ್ಲೇ. "ಇನ್ನೂ ಒಂದು ತಿಂಗಳು ಯಕ್ಕಾ" ಅನ್ನುವವಳಿಗೆ ಆಸ್ಪತ್ರೆಯ ಲೆಕ್ಕದಲ್ಲಿ ಎಂಟು ವಾರ.

9 ವಾರದೊಳಗೆ ಇದ್ದರೆ ಗುಳಿಗೆಯಲ್ಲೇ ಆಗುತ್ತದೆ. 12 ವಾರದವರೆಗೆ ನಳಿಕೆಯಿಂದ ಹೀರಿ ತೆಗೆಯುವ ಸಣ್ಣ ವಿಧಾನ ಇದೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಸಾಕು. 20ರಿಂದ 24 ವಾರ ಆದರೆ ಇಬ್ಬರು ಡಾಕ್ಟರು ಒಪ್ಪಬೇಕು, ಅದೂ ಕೆಲವರಿಗಷ್ಟೇ: ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸುರಿದ್ದಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಇರುವವರು, ಮಾನಸಿಕ ಕಾಯಿಲೆ ಇರುವವರು, ಮಗುವಿಗೆ ದೋಷ ಕಂಡವರು, ಸರ್ಕಾರ ಘೋಷಿಸಿದ ವಿಪತ್ತಿಗೆ ಸಿಕ್ಕವರು. 24 ದಾಟಿದರೆ ಮೆಡಿಕಲ್ ಬೋರ್ಡ್, ಅಂದರೆ ತಜ್ಞ ಡಾಕ್ಟರ ಮಂಡಳಿ.

ನಮ್ಮ ಕಡೆ ತಾರೀಕು ನೆನಪಿಡುವವರು ಕಡಿಮೆ. "ಕಾರ ಹುಣ್ಣಿಮಿ ಆದ ಮ್ಯಾಲ ಆಗಿದ್ದೆ" ಅನ್ನುತ್ತಾರೆ. ಅದೂ ಸಾಕು, ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಬಹುದು. ಕೂಸಿಗೆ ಹಾಲು ಕುಡಿಸುವವರು ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಮುಟ್ಟೇ ಬಂದಿರುವುದಿಲ್ಲ, ಹಾಲುಣಿಸುವಾಗ ಬಸುರು ನಿಲ್ಲುವುದಿಲ್ಲ ಅನ್ನುವ ನಂಬಿಕೆ ಬೇರೆ. ಹೊಟ್ಟೆ ಕಾಣುವಷ್ಟರಲ್ಲಿ ನಾಲ್ಕೈದು ತಿಂಗಳು. ಅನುಮಾನ ಬಂದ ದಿನವೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಮೂತ್ರ ಪರೀಕ್ಷೆಯ ನಿಶ್ಚಯ್ ಕಿಟ್ ಅವರ ಹತ್ತಿರ ಪುಕ್ಕಟೆ ಇರುತ್ತದೆ.

ಕಾನೂನು ಎಲ್ಲರಿಗೂ ಒಂದೇ ಅಲ್ವಾ? ಬಡವರು, ಶ್ರೀಮಂತರು ಅಂತ ಯಾಕೆ ಮಾತು?

ಕಾನೂನು ಒಂದೇ. ಆದರೆ ಅದು ವಾರಗಳ ಲೆಕ್ಕದಲ್ಲಿ ನಡೆಯುತ್ತದೆ, ಬಡವರ ವಾರಗಳು ಬೇಗ ಖರ್ಚಾಗುತ್ತವೆ.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬಳು ರಾಯಚೂರು ನಗರದಲ್ಲಿರುವ ಶಿಕ್ಷಕಿ. ಮುಟ್ಟು ತಪ್ಪಿದ ಐದನೇ ದಿನ ಮೆಡಿಕಲ್‌ನಿಂದ ಕಿಟ್ ತಂದು ನೋಡುತ್ತಾಳೆ. ಮರುದಿನ ಸಂಜೆ ಪರಿಚಯದ ಡಾಕ್ಟರಮ್ಮನ ಕ್ಲಿನಿಕ್. ಸ್ಕ್ಯಾನಿಂಗ್, ಗುಳಿಗೆ, ಒಂದು ಭಾನುವಾರ ರೆಸ್ಟ್. ಆರು ವಾರ ತುಂಬುವಷ್ಟರಲ್ಲಿ ಎಲ್ಲ ಮುಗಿದಿದೆ. ಅಕ್ಕಪಕ್ಕದವರಿಗೂ ಗೊತ್ತಿಲ್ಲ.

ಇನ್ನೊಬ್ಬಳು ಲಿಂಗಸುಗೂರು ತಾಲೂಕಿನ ಒಂದು ತಾಂಡಾದವಳು. ಹತ್ತಿ ಬಿಡಿಸುವ ಸುಗ್ಗಿ. ಮುಟ್ಟು ತಪ್ಪಿದ್ದು ಗೊತ್ತು, ಆದರೆ ಬಿಸಿಲಿಗೆ, ದುಡಿತಕ್ಕೆ ಹಿಂದೆ ಮುಂದೆ ಆಗಿರಬೇಕು ಅಂದುಕೊಳ್ಳುತ್ತಾಳೆ. ಎರಡನೇ ತಿಂಗಳು ಪಪ್ಪಾಯಿ, ಎಳ್ಳು ಬೆಲ್ಲ, ಯಾರೋ ಹೇಳಿದ ಕಷಾಯ. ಏನೂ ಆಗಲ್ಲ. ಅಷ್ಟರಲ್ಲಿ ಎಂಟು ವಾರ. ಆಮೇಲೆ ಊರಿನ ಆರ್‌ಎಂಪಿ, ಅಂದರೆ ಡಿಗ್ರಿ ಇಲ್ಲದೆ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್. ಸಂತೆ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಡಾಕ್ಟರಿಗೆ ಇದರ ತರಬೇತಿ ಆಗಿಲ್ಲ. ತಾಲೂಕು ಆಸ್ಪತ್ರೆಗೆ ಹೋದ ದಿನ ಹೆರಿಗೆ ಡಾಕ್ಟರು ರಜೆ. ಮುಂದಿನ ವಾರ ಬಾ ಅಂದರು. ಮುಂದಿನ ವಾರ ಹೋದರೆ ವಾರ ಜಾಸ್ತಿ ಆಗಿದೆ, ರಾಯಚೂರಿನ ದೊಡ್ಡ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗು ಅಂದರು. ಲಿಂಗಸುಗೂರಿನಿಂದ ರಾಯಚೂರು ಸುಮಾರು 90 ಕಿಲೋಮೀಟರ್. ಜೊತೆಗೆ ಬರಲು ಯಾರಾದರೂ ಒಬ್ಬರು ಕೂಲಿ ಬಿಡಬೇಕು. ಅವರು ಸಿಗುವಷ್ಟರಲ್ಲಿ 14 ವಾರ.

ಇಬ್ಬರಿಗೂ ಹಕ್ಕಿತ್ತು. ಒಬ್ಬಳಿಗೆ ಐದು ಗುಳಿಗೆಯಲ್ಲಿ ಮುಗಿಯಿತು, ಇನ್ನೊಬ್ಬಳು ವಾರ್ಡಿಗೆ ಅಡ್ಮಿಟ್ ಆಗಬೇಕಾಯಿತು. ಇಲ್ಲಿನ ಮೇಲು ಕೀಳು ಇರುವುದೇ ಹೀಗೆ. ಯಾರೂ ಬಾಗಿಲು ಮುಚ್ಚಲಿಲ್ಲ, ಪ್ರತಿ ಬಾಗಿಲಲ್ಲೂ ಒಂದೊಂದು ವಾರ ಕಾಯಿಸಿದರು ಅಷ್ಟೇ. ವಾರ ಹೆಚ್ಚಾದಷ್ಟೂ ಆಸ್ಪತ್ರೆ ದೂರ ಆಗುತ್ತದೆ, ಖರ್ಚು ಏರುತ್ತದೆ, ಅಪಾಯ ಏರುತ್ತದೆ, ಗುಟ್ಟು ಉಳಿಯುವುದು ಕಷ್ಟ ಆಗುತ್ತದೆ.

ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದಂಥ ಒಂಬತ್ತು ರಾಜ್ಯಗಳ ಸರ್ಕಾರಿ ಸಮೀಕ್ಷೆಯನ್ನು ಆಧರಿಸಿ 2019ರಲ್ಲಿ ಬಂದ ಒಂದು ಅಧ್ಯಯನ, ಅಲ್ಲಿನ ಗರ್ಭಪಾತಗಳಲ್ಲಿ ನೂರಕ್ಕೆ 67 ಅಸುರಕ್ಷಿತ ಅಂದಿತ್ತು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಆದರೆ ಹಿಂದುಳಿದ ಪ್ರದೇಶ ಅಂತ ಸಂವಿಧಾನದ 371(ಜೆ) ವಿಶೇಷ ಸ್ಥಾನ ಸಿಕ್ಕಿಯೂ ಏಮ್ಸ್‌ಗಾಗಿ ವರ್ಷಗಟ್ಟಲೆ ಧರಣಿ ಕೂತ ಜಿಲ್ಲೆ ನಮ್ಮದು. ಡಾಕ್ಟರು, ಆಸ್ಪತ್ರೆ ಸಾಲದು ಅನ್ನುವುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಅಂತಾರೆ. ಮತ್ತೆ ಖರ್ಚು ಯಾವುದಕ್ಕೆ?

ಸೇವೆಗೆ ದುಡ್ಡಿಲ್ಲ ಅನ್ನುವುದು ನಿಜ. ಬಸ್ಸೂ ಪುಕ್ಕಟೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ದೇವದುರ್ಗದಿಂದ ರಾಯಚೂರಿಗೆ ಹೆಣ್ಣುಮಕ್ಕಳು ಚೀಟಿಗೆ ಕೈಯಿಂದ ಕೊಡಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. ಗಂಡನ ಹತ್ತಿರ ಬಸ್ ಚಾರ್ಜ್ ಕೇಳಬೇಕಾದವಳು ಯಾಕೆ, ಎಲ್ಲಿಗೆ ಅಂತಲೂ ಹೇಳಬೇಕಿತ್ತು. ಈಗ ಸುಮ್ನೆ ಹತ್ತಿ ಕೂರಬಹುದು.

ಹೋಗುವುದು ಕೂಲಿ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಸಲ ರಾಯಚೂರಿಗೆ ಹೋಗಿ ಬಂದರೆ ಆಕೆಯದೊಂದು ದಿನ, ಜೊತೆಗೆ ಬಂದವರದೊಂದು ದಿನ. ಮೂರು ಸಲ ಅಲೆದಾಡಿದರೆ ನೀವೇ ಲೆಕ್ಕ ಹಾಕಿ. ಮೇಲೆ ಸ್ಕ್ಯಾನಿಂಗ್ ಮಷಿನ್ ಕೆಟ್ಟಿದ್ದರೆ ಹೊರಗಿನ ಸೆಂಟರ್, ಸ್ಟಾಕ್ ಇಲ್ಲದ ಔಷಧಕ್ಕೆ ಹೊರಗಿನ ಚೀಟಿ, ಜೊತೆಗೆ ಕರೆತಂದ ಸಣ್ಣ ಮಗುವಿಗೆ ಬಿಸ್ಕೀಟು, ಮಧ್ಯಾಹ್ನದ ಊಟ. ಗೃಹಲಕ್ಷ್ಮಿಯ 2000 ಇದಕ್ಕೆ ಆಸರೆ ಆದದ್ದನ್ನು ನೋಡಿದ್ದೇವೆ. ಅದು ಮೈಕ್ರೋಫೈನಾನ್ಸ್ ಕಂತಿಗೆ ಹೋಗಿಬಿಟ್ಟಿದ್ದರೆ ಇಲ್ಲ.

ಇಷ್ಟೆಲ್ಲ ಕೂಡಿಸಿ ನೋಡಿ, "ಅದರ ಬದಲು ಖಾಸಗಿಯಲ್ಲೇ ಒಂದೇ ಸಲ ಕೊಟ್ಟು ಮುಗಿಸೋಣ" ಅಂತ ಬಡ್ಡಿಗೆ ತರುವವರು ಇದ್ದಾರೆ. ಅದು ದಡ್ಡತನ ಅಂತ ನನಗೆ ಅನ್ನಿಸುವುದಿಲ್ಲ. ಖಾಸಗಿಗೆ ಹೋದರೆ ಒಂದನ್ನು ಮಾತ್ರ ಗಮನಿಸಿ. ಆಸ್ಪತ್ರೆಗೆ ಎಂಟಿಪಿ ಮಾಡಲು ಸರ್ಕಾರದ ಮಂಜೂರಾತಿ ಇರಬೇಕು, ಆ ಪ್ರಮಾಣಪತ್ರವನ್ನು ಬಂದವರಿಗೆ ಕಾಣುವಂತೆ ಗೋಡೆಗೆ ಹಾಕಿರಬೇಕು. ಕಾಣದಿದ್ದರೆ ಕೇಳಿ.

ಗಂಡನ ಸಹಿ ಬೇಕಾ? ಅತ್ತೆ ಬರಬೇಕಾ?

ಬೇಡ. 18 ತುಂಬಿದ, ಬುದ್ಧಿ ಸರಿ ಇರುವ ಯಾವ ಹೆಣ್ಣಿಗಾದರೂ ಆಕೆಯ ಒಪ್ಪಿಗೆ ಒಂದೇ ಸಾಕು. ಗಂಡ, ಅತ್ತೆ, ಅಪ್ಪ, ಅಣ್ಣ, ಯಾರ ಸಹಿಯೂ ಬೇಡ.

ಆ ಒಪ್ಪಿಗೆ ಪತ್ರಕ್ಕೆ ನಮೂನೆ ಸಿ ಅಂತ ಹೆಸರು. ಒಂದು ಸಲ ಕಣ್ಣಾರೆ ನೋಡಿ. ಕೆಲವೇ ಸಾಲು. ನಾನು ಇಂಥವಳು, ಇಂಥವರ ಮಗಳು ಅಥವಾ ಹೆಂಡತಿ, ಇಷ್ಟು ವಯಸ್ಸು, ಊರು ಇದು, ಈಗ ಇರುವುದು ಇಲ್ಲಿ, ಇಂಥ ಆಸ್ಪತ್ರೆಯಲ್ಲಿ ಗರ್ಭ ತೆಗೆಸಲು ನನ್ನ ಒಪ್ಪಿಗೆ ಇದೆ. ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಅದರಲ್ಲೇ ಪೋಷಕರಿಗೆ ಒಂದು ಭಾಗ ಇದೆ, ಅದನ್ನು ತುಂಬುವುದು ಹುಡುಗಿಗೆ 18 ಆಗಿಲ್ಲದಿದ್ದರೆ ಅಥವಾ ಆಕೆಗೆ ಮಾನಸಿಕ ಕಾಯಿಲೆ ಇದ್ದರೆ ಮಾತ್ರ. ಗಂಡನ ಸಹಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ.

ಆದರೂ ಕೇಳುತ್ತಾರೆ. "ನಾಳೆ ನಿನ್ನ ಗಂಡ ಬಂದು ಗಲಾಟೆ ಮಾಡಿದ್ರೆ ಯಾರು ಉತ್ತರ ಕೊಡಬೇಕಮ್ಮ" ಅನ್ನುತ್ತಾರೆ. ಡಾಕ್ಟರ ಹೆದರಿಕೆ ಪೂರ್ತಿ ಸುಳ್ಳೇನಲ್ಲ, ಆಸ್ಪತ್ರೆ ಮುಂದೆ ಜಗಳ ಆಗುವುದನ್ನು ನಾವೂ ನೋಡಿದ್ದೇವೆ. ಹಾಗಂತ ಅದರ ಬೆಲೆಯನ್ನು ಹೆಣ್ಣು ಕಟ್ಟಬೇಕಾ? ಗಂಡ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದರೆ ಆತ ಬಂದು ಸಹಿ ಹಾಕುವಷ್ಟರಲ್ಲಿ ಇನ್ನೆರಡು ವಾರ ಕೈಬಿಟ್ಟು ಹೋಗುತ್ತದೆ. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ, ಕಾನೂನಿನಲ್ಲಿ ಇಲ್ಲದ ಇಂಥ ಷರತ್ತುಗಳನ್ನು ಡಾಕ್ಟರು ಹಾಕಬಾರದು ಅಂತ ಹೇಳಿದೆ. ಓದಿದವಳು ಇದನ್ನು ಫೋನಿನಲ್ಲಿ ತೆರೆದು ತೋರಿಸುತ್ತಾಳೆ. ಓದದವಳು ತಲೆ ತಗ್ಗಿಸಿ ಹೊರಗೆ ಬರುತ್ತಾಳೆ. ಅದಕ್ಕೇ ಜೊತೆಗೆ ಮಾತಾಡಬಲ್ಲ ಒಬ್ಬರು ಇರಲಿ ಅನ್ನುವುದು.

ಮದುವೆ ಆಗಿಲ್ಲ. ಅಥವಾ ಗಂಡ ಬಿಟ್ಟು ಹೋಗಿದ್ದಾನೆ. ಅಥವಾ ದೇವದಾಸಿ. ಆಗುತ್ತಾ?

ಆಗುತ್ತದೆ. 2021ರ ತಿದ್ದುಪಡಿಯಲ್ಲಿ "ವಿವಾಹಿತೆ ಅಥವಾ ಆಕೆಯ ಗಂಡ" ಅಂತ ಇದ್ದದ್ದು "ಹೆಣ್ಣು ಅಥವಾ ಆಕೆಯ ಸಂಗಾತಿ" ಅಂತ ಆಯಿತು. 2022ರ ಅದೇ ತೀರ್ಪಿನಲ್ಲಿ 20ರಿಂದ 24 ವಾರದ ಅವಕಾಶವೂ ಮದುವೆ ಆಗದವರಿಗೆ ಸಿಗಬೇಕು ಅಂತ ಕೋರ್ಟ್ ಹೇಳಿತು. ಗಂಡನಿಂದಲೇ ಆದ ಬಲವಂತವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಅಂತ ಎಣಿಸಬೇಕು ಅಂದಿತು. ಅದಕ್ಕೆ ಪೊಲೀಸ್ ಕೇಸ್ ಹಾಕಿರಬೇಕು ಅಂತೇನೂ ಇಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈ ಪ್ರಶ್ನೆಗೆ ಬೇರೆ ತೂಕ ಇದೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯಲ್ಲೇ ನಿಷೇಧಿಸಿದರೂ ಆ ಬದುಕಿಗೆ ಬಿದ್ದ ತಾಯಂದಿರು, ಅವರ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲೇ ಇದ್ದಾರೆ. ಬಹುತೇಕ ಎಲ್ಲರೂ ದಲಿತರು. ಓಪಿಡಿ ಚೀಟಿ ಬರೆಯುವ ಕಿಟಕಿಯಲ್ಲಿ ಮೊದಲ ಪ್ರಶ್ನೆಯೇ "ಗಂಡನ ಹೆಸರೇನು?" ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. ಒಬ್ಬಾಕೆ ಆ ಕಿಟಕಿಯಲ್ಲಿ ಅಣ್ಣನ ಹೆಸರು ಹೇಳಿ ಚೀಟಿ ಮಾಡಿಸಿದಳು. ಒಳಗೆ ಹೋದ ಮೇಲೆ ಅದೇ ದೊಡ್ಡ ತೊಡಕಾಯಿತು. ತಾಯಿಯ ಹೆಸರೋ ತಂದೆಯ ಹೆಸರೋ ಹೇಳಿದರೆ ಸಾಕು ಅಂತ ಆಕೆಗೆ ಯಾರೂ ಹೇಳಿರಲಿಲ್ಲ.

ಹುಡುಗಿಗೆ 18 ಆಗಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಂತೆ, ನಿಜಾನಾ?

ಅತಿ ಹೆಚ್ಚು ಹೆದರಿಕೆ ಇರುವ ಪ್ರಶ್ನೆ ಇದು, ಹೆದರಿಕೆಗೆ ಕಾರಣವೂ ಇದೆ.

18ರೊಳಗಿನ ಹುಡುಗಿ ಬಸುರಾದರೆ ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾಯ್ದೆಯಲ್ಲಿ ಅದು ಅಪರಾಧದ ವಿಷಯ. ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಹುಡುಗಿ ಒಪ್ಪಿದ್ದಳು ಅನ್ನುವುದು ಇಲ್ಲಿ ನಡೆಯುವುದಿಲ್ಲ, ಮದುವೆ ಆಗಿದೆ ಅನ್ನುವುದೂ ನಡೆಯುವುದಿಲ್ಲ. ಹದಿನಾರಕ್ಕೇ ಮದುವೆ ಮಾಡಿಕೊಟ್ಟ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಳಿಯನ ಮೇಲೆ ಪೋಕ್ಸೋ, ಮದುವೆ ಮಾಡಿದ ಹಿರಿಯರ ಮೇಲೆ ಬಾಲ್ಯವಿವಾಹದ ಕೇಸ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18ರೊಳಗೇ ಮದುವೆ ಆಗಿತ್ತು. ಹಾಗಾಗಿ ಈ ಪ್ರಶ್ನೆ ಯಾವುದೋ ಒಂದು ಮನೆಯದಲ್ಲ. ಮನೆಯವರು ಏನು ಮಾಡುತ್ತಾರೆ? ಆಸ್ಪತ್ರೆ ತಪ್ಪಿಸುತ್ತಾರೆ. ರಾತ್ರಿ ಹೊತ್ತು ಆರ್‌ಎಂಪಿಯನ್ನು ಮನೆಗೇ ಕರೆಸುತ್ತಾರೆ. ಹುಡುಗಿಯನ್ನು ಕಾಯಲು ಬಂದ ಕಾನೂನೇ ಆಕೆಯನ್ನು ಆಸ್ಪತ್ರೆಯಿಂದ ದೂರ ಓಡಿಸುತ್ತದೆ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಅತಿ ಕ್ರೂರವಾದ ಜಾಗ ಇದೇ.

ಇದಕ್ಕೆ ಸುಪ್ರೀಂ ಕೋರ್ಟ್ 2022ರಲ್ಲಿ ಒಂದು ದಾರಿ ಮಾಡಿಕೊಟ್ಟಿದೆ. ಡಾಕ್ಟರು ಪೊಲೀಸರಿಗೆ ತಿಳಿಸಬೇಕು ನಿಜ, ಆದರೆ ಹುಡುಗಿ ಮತ್ತು ಆಕೆಯ ಪೋಷಕರು ಬೇಡ ಅಂದರೆ ಹುಡುಗಿಯ ಹೆಸರು, ಗುರುತು ಹೇಳಬೇಕಾಗಿಲ್ಲ. ಇದು ಬಹಳ ಆಸ್ಪತ್ರೆಗಳಿಗೇ ಗೊತ್ತಿರುವುದಿಲ್ಲ. ಕೇಳುವಾಗ "ಗುರುತು ಹೇಳದೆ ಮಾಡಲು ಅವಕಾಶ ಇದೆಯಂತಲ್ಲ ಮೇಡಂ" ಅಂತಲೇ ಕೇಳಿ. ಒಪ್ಪಿಗೆ ಪತ್ರಕ್ಕೆ ಪೋಷಕರ ಸಹಿ ಬೇಕು. ಪೋಷಕರು ಅಂದರೆ ಆಕೆಯನ್ನು ನೋಡಿಕೊಳ್ಳುತ್ತಿರುವ ಹಿರಿಯರು.

ಬಲಾತ್ಕಾರ ಆಗಿದ್ದರೆ ಮಾತು ಬೇರೆ. ಯಾವ ಆಸ್ಪತ್ರೆಯಾದರೂ, ಖಾಸಗಿ ಸೇರಿ, ಆಕೆಗೆ ಮೊದಲು ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ದೂರು ಕೊಟ್ಟು ಬಾ ಅಂತ ವಾಪಸ್ ಕಳಿಸುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098.

ಮೆಡಿಕಲ್ ಶಾಪಿನಲ್ಲಿ ಗುಳಿಗೆ ಸಿಗುತ್ತಲ್ಲ, ಆಸ್ಪತ್ರೆಗೆ ಯಾಕೆ ಹೋಗಬೇಕು?

ದೇಶದಲ್ಲಿ ಬಹುಪಾಲು ಹೆಣ್ಣುಮಕ್ಕಳು ಮಾಡುವುದು ಇದನ್ನೇ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ಆಯಿತು, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಗುಳಿಗೆಯಿಂದ ಆದವು ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಗುಳಿಗೆ ಕೆಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ವಿಧಾನ ಅದು. ಸರಿಯಾದ ಗುಳಿಗೆ, ಸರಿಯಾದ ವಾರ, ಸರಿಯಾದ ಮಾಹಿತಿ ಇದ್ದರೆ ಸುರಕ್ಷಿತ. ತೊಂದರೆ ಇರುವುದು ಈ ಮೂರೂ ಕೌಂಟರಿನ ಮೇಲೆ ಸಿಗದೇ ಇರುವುದರಲ್ಲಿ.

ಅಂಗಡಿಗೆ ಹೋಗುವುದು ಸಾಮಾನ್ಯವಾಗಿ ಗಂಡ. "ಮುಟ್ಟು ಬರೋ ಗುಳಗಿ ಕೊಡ್ರಿ" ಅನ್ನುತ್ತಾನೆ. ಎಷ್ಟು ದಿನ ಆಯಿತು ಅಂತ ಅಂಗಡಿಯವನು ಕೇಳಿದರೆ ಒಂದು ಅಂದಾಜು ಹೇಳುತ್ತಾನೆ. ಕಿಟ್‌ನಲ್ಲಿ ಐದು ಗುಳಿಗೆ ಇರುತ್ತದೆ, ಮೊದಲಿನದು ಒಂದು, ಆಮೇಲಿನವು ನಾಲ್ಕು, ಎರಡೂ ಬೇರೆ ಬೇರೆ ಔಷಧ. ಕಿಟ್‌ನೊಳಗಿನ ಚೀಟಿ ಇಂಗ್ಲಿಷ್‌ನಲ್ಲಿ. ಪೇಪರಿನಲ್ಲಿ ಸುತ್ತಿ, "ಇವತ್ತೊಂದು, ಆಮೇಲೆ ಉಳಿದದ್ದು" ಅಂತ ಹೇಳಿ ಕಳಿಸುತ್ತಾರೆ. ಕೆಲವೊಮ್ಮೆ ಕಿಟ್ಟೇ ಅಲ್ಲ, ಮುಟ್ಟು ಮುಂದೆ ಹಾಕುವ ಹಾರ್ಮೋನ್ ಗುಳಿಗೆ ಕೊಟ್ಟು ಕಳಿಸುವುದೂ ಇದೆ. ಅದರಿಂದ ಏನೂ ಆಗುವುದಿಲ್ಲ, ವಾರ ಮಾತ್ರ ಹೋಗುತ್ತದೆ. ತಪಾಸಣೆಗೆ ಹೆದರಿ ಕೆಲವು ಅಂಗಡಿಗಳು ಕಿಟ್ ಇಡುವುದನ್ನೇ ಬಿಟ್ಟಿವೆ, ಇಟ್ಟವರು ಮುದ್ರಿತ ಬೆಲೆಗಿಂತ ಜಾಸ್ತಿ ಕೇಳುತ್ತಾರೆ.

ಕಾನೂನಿನಲ್ಲಿ ಇದು ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರುವ ಔಷಧ. 9 ವಾರದೊಳಗೆ ಮಾತ್ರ. ಡಾಕ್ಟರು ಮೊದಲು ಮೂರು ವಿಷಯ ನೋಡುತ್ತಾರೆ: ಗರ್ಭ ಚೀಲದಲ್ಲೇ ಇದೆಯಾ ಅಥವಾ ನಾಳದಲ್ಲಿ ನಿಂತಿದೆಯಾ, ವಾರ ಎಷ್ಟು, ರಕ್ತ ಎಷ್ಟಿದೆ. ನಾಳದಲ್ಲಿ ನಿಂತದ್ದಕ್ಕೆ ಈ ಗುಳಿಗೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಬರುತ್ತದೆ. ರಕ್ತದ ಮಾತು ನಮ್ಮಲ್ಲಿ ಇನ್ನೂ ಮುಖ್ಯ. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗಟ್ಟಿ ಇರುವವಳು ತಡೆದುಕೊಳ್ಳುವ ರಕ್ತಸ್ರಾವ ಇವರಿಗೆ ತಡೆಯುವುದಿಲ್ಲ. ರಕ್ತದ ಗುಂಪು ನೆಗೆಟಿವ್ ಇದ್ದರೆ ಅದನ್ನೂ ಹೇಳಬೇಕು, ಇಂಜೆಕ್ಷನ್ ಬೇಕಾ ಅಂತ ಡಾಕ್ಟರು ನೋಡುತ್ತಾರೆ.

ಈಗಾಗಲೇ ನುಂಗಿಬಿಟ್ಟಿದ್ದಾಳೆ, ರಕ್ತ ನಿಲ್ಲುತ್ತಿಲ್ಲ. ಏನು ಮಾಡೋದು?

108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ಒಂದು ಗಂಟೆಯಲ್ಲಿ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹೀಗೆ ಎರಡು ಗಂಟೆ ನಡೆದರೆ ಕಾಯಬಾರದು. ಬಟ್ಟೆ ಕಟ್ಟುವವರು ದಪ್ಪ ಬಟ್ಟೆ ಎಷ್ಟು ಬೇಗ ತೊಯ್ಯುತ್ತಿದೆ ಅಂತ ನೋಡಿ. ತಲೆ ಸುತ್ತಿ ಬೀಳುವುದು, ಒಂದು ದಿನ ದಾಟಿದರೂ ಇಳಿಯದ ಜ್ವರ, ಕೆಟ್ಟ ವಾಸನೆ, ಹೊಟ್ಟೆಯ ಒಂದೇ ಕಡೆ ತಡೆಯಲಾಗದ ನೋವು, ಇವು ಬಂದರೂ ಅಷ್ಟೇ.

ಗುಳಿಗೆ ತೆಗೆದುಕೊಂಡದ್ದನ್ನು ಡಾಕ್ಟರಿಗೆ ಹೇಳಿ, ಕವರ್ ಇದ್ದರೆ ಒಯ್ಯಿರಿ. ಬೈಯಬಹುದು. ಬೈಗುಳ ತಿಂದುಕೊಂಡು ಕೂತುಕೊಳ್ಳಿ, ಎದ್ದು ಬರಬೇಡಿ. ಜೀವ ಉಳಿಸುವ ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ ಇಲ್ಲ ಅನ್ನುವಂತಿಲ್ಲ.

ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೀತೀವಿ ಅಂದರು. ಸರೀನಾ?

ಸರಿಯಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಬೇರೆ, ಇದು ಬೇರೆ. ಒಂದಕ್ಕೆ ಇನ್ನೊಂದನ್ನು ಷರತ್ತು ಮಾಡುವ ಹಾಗಿಲ್ಲ. ನಗರದ ಕ್ಲಿನಿಕ್ಕಿನಲ್ಲಿ ದುಡ್ಡು ಕೊಡುವವಳಿಗೆ ಈ ಮಾತು ಯಾರೂ ಹೇಳುವುದಿಲ್ಲ, ಗಮನಿಸಿದ್ದೀರಾ? ಬೇಕಾದರೆ ಮಾಡಿಸಿಕೊಳ್ಳಲಿ, ಅದು ಆಕೆಯ ಇಷ್ಟ. ಬೇಡ ಅಂದರೆ ಕಾಪರ್ ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್, ಛಾಯಾ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆ ಇವೆ. ಗರ್ಭಪಾತ ಆದ ಎರಡು ವಾರಕ್ಕೇ ಮತ್ತೆ ಬಸುರು ನಿಲ್ಲುವ ಸಾಧ್ಯತೆ ಇರುವುದರಿಂದ ಆ ಮಾತನ್ನು ಅವತ್ತೇ ಮುಗಿಸುವುದು ಒಳ್ಳೆಯದು. ಗಂಡಸರ ಆಪರೇಷನ್ ಇನ್ನೂ ಸುಲಭ. ನಮ್ಮ ಕಡೆ ಅದನ್ನು ಹೇಳಿದರೆ ನಗುತ್ತಾರೆ.

ಎರಡು ಹೆಣ್ಣು ಇವೆ ಅಂದ ತಕ್ಷಣ ಡಾಕ್ಟರು ಅನುಮಾನದಿಂದ ನೋಡ್ತಾರೆ. ಯಾಕೆ?

ಭ್ರೂಣದ ಲಿಂಗ ಪತ್ತೆಗೆ 1994ರ ಕಾಯ್ದೆಯಲ್ಲಿ ನಿಷೇಧ ಇದೆ. 2023ರ ಕೊನೆಗೆ ಮಂಡ್ಯ ಕಡೆಯ ಭ್ರೂಣಹತ್ಯೆ ಜಾಲ ಬಯಲಿಗೆ ಬಂದ ಮೇಲೆ ಎಲ್ಲರೂ ಇನ್ನಷ್ಟು ಬಿಗಿಯಾದರು. ಜಾಲ ಹಿಡಿಯಬೇಕು, ಸರಿ. ಆದರೆ ಅದು ಬೇರೆ ಕಾಯ್ದೆ, ಇದು ಬೇರೆ. 9 ವಾರದೊಳಗೆ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಗೊತ್ತೇ ಆಗುವುದಿಲ್ಲ. ಅಷ್ಟು ಬೇಗ ಬಂದವಳನ್ನೂ ಮಕ್ಕಳ ಲೆಕ್ಕ ಕೇಳಿ ವಾಪಸ್ ಕಳಿಸಿದರೆ ಅದು ಎಚ್ಚರಿಕೆ ಅಲ್ಲ, ಸುಮ್ನೆ ಕೈತೊಳೆದುಕೊಳ್ಳುವುದು.

ಗುಳೆ ಹೋದ ಊರಲ್ಲಿ ಮಾಡಿಸಬಹುದಾ?

ಮಾಡಿಸಬಹುದು. ಬೆಂಗಳೂರಾಗಲಿ ಪುಣೆಯಾಗಲಿ, ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಆಗಬೇಕು. ಇದೇ ಜಿಲ್ಲೆಯವರಾಗಿರಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಊರಿಗೆ ಬರುವವರೆಗೆ, ಉಗಾದಿವರೆಗೆ ಅಂತ ಕಾಯಬೇಡಿ.

ಗುಟ್ಟು ಉಳಿಯುತ್ತಾ?

ಕಾನೂನಿನಲ್ಲಿ ಗಟ್ಟಿಯಾಗಿದೆ. ಆಕೆಯ ಹೆಸರು, ವಿವರ ಹೊರಗೆ ಬಿಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಒಪ್ಪಿಗೆ ಪತ್ರವನ್ನು ಲಕೋಟೆಯಲ್ಲಿ ಹಾಕಿ, ಸೀಲ್ ಮಾಡಿ, ರಹಸ್ಯ ಅಂತ ಬರೆದು ಇಡಬೇಕು. ಮೇಲೆ ಆಕೆಯ ಹೆಸರು ಇರುವುದಿಲ್ಲ, ಅದರ ಬದಲು ರಿಜಿಸ್ಟರಿನ ಕ್ರಮಸಂಖ್ಯೆ ಇರುತ್ತದೆ.

ನಡೆಯುವುದು ಮಾತ್ರ ಬೇರೆ. ತಾಲೂಕು ಆಸ್ಪತ್ರೆಯಲ್ಲಿ ಆಯಾ ನಮ್ಮೂರವಳು, ಚೀಟಿ ಬರೆಯುವವನು ಪಕ್ಕದ ಊರವನು. "ಯಾವುದಕ್ಕೆ ಬಂದಿ?" ಅಂತ ಕೂಗಿ ಕೇಳುತ್ತಾರೆ. ಹೊರಗೆ ಕೇಳಿದರೆ "ಹೆಂಗಸರ ಡಾಕ್ಟರಿಗೆ ತೋರಿಸಬೇಕು" ಅಂತಷ್ಟೇ ಹೇಳಿ, ಉಳಿದದ್ದು ಡಾಕ್ಟರ ಮುಂದೆ. ಬೇಡದ ಬಸುರಿಗೆ ತಾಯಿ ಕಾರ್ಡ್ ಮಾಡಿಸಲೇಬೇಕಾ ಅಂತಲೂ ಕೇಳುತ್ತಾರೆ. ಗರ್ಭಪಾತಕ್ಕೆ ತಾಯಿ ಕಾರ್ಡ್ ಬೇಕು ಅಂತ ಕಾಯ್ದೆಯಲ್ಲಿ ಇಲ್ಲ.

ಸರ್ಕಾರಿ ಆಸ್ಪತ್ರೆ ಅಂದರೇ ಭಯ. ಬಳ್ಳಾರಿಯಲ್ಲಿ ಬಾಣಂತಿಯರು ಸತ್ತರಲ್ಲ?

2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಅಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಗ್ಲೂಕೋಸ್ ಬಾಟಲಿಯಂತೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ರಾಜ್ಯದಲ್ಲೆಲ್ಲ ಅದರ ಬಳಕೆ ನಿಲ್ಲಿಸಿದರು. ಭಯ ಸಹಜ. ಸುಳ್ಳು ಧೈರ್ಯ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಸುದ್ದಿ ಕೇಳಿದ ಮೇಲೆ ದುಡ್ಡಿರುವವರು ಖಾಸಗಿಗೆ ಹೋದರು, ಇಲ್ಲದವರು ಆರ್‌ಎಂಪಿ ಹತ್ತಿರ ಹೋದರು. ಎರಡನೆಯದು ಆಸ್ಪತ್ರೆಗಿಂತ ಎಷ್ಟೋ ಪಾಲು ಅಪಾಯ. ಊರಲ್ಲಿ ಆರ್‌ಎಂಪಿ ಅನ್ನಿಸಿಕೊಂಡವರು ಈ ಕಾಯ್ದೆಯ ಪ್ರಕಾರ ಡಾಕ್ಟರೇ ಅಲ್ಲ.

24 ವಾರ ದಾಟಿದರೆ?

ಮಗುವಿಗೆ ದೊಡ್ಡ ದೋಷ ಇದ್ದರೆ ಮೆಡಿಕಲ್ ಬೋರ್ಡ್ ನೋಡುತ್ತದೆ. ಅರ್ಜಿ ಬಂದ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಅರ್ಜಿ ಬಂದ ಐದು ದಿನದೊಳಗೆ ಆಗಬೇಕು ಅಂತ ನಿಯಮ. ಆಕೆಯ ಜೀವ ಉಳಿಸಲು ತಕ್ಷಣ ಬೇಕಾದರೆ ಡಾಕ್ಟರೇ ಮಾಡಬಹುದು, ಬೇರೆ ಕಾರಣ ಇದ್ದರೆ ಹೈಕೋರ್ಟ್. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100.

ಒಮ್ಮೆ ತೆಗೆಸಿದರೆ ಮುಂದೆ ಮಕ್ಕಳಾಗಲ್ವಂತೆ?

ಸುರಕ್ಷಿತವಾಗಿ ಮಾಡಿಸಿದರೆ ಆಗುತ್ತವೆ. ಗರ್ಭ ತೆಗೆಸಲು ನಾಟಿ ರೀತಿಯಲ್ಲಿ ಕಡ್ಡಿ ಹಾಕಿಸಿಕೊಂಡು ಸೋಂಕಾದರೆ ಆಗ ತೊಂದರೆ.

ಪಾಪ ಅಲ್ವಾ?

ಅದು ಆಕೆಯ ಮತ್ತು ಆಕೆಯ ದೇವರ ನಡುವಿನ ಮಾತು. ಡಾಕ್ಟರದ್ದೂ ಅಲ್ಲ, ಸಿಸ್ಟರ್‌ದ್ದೂ ಅಲ್ಲ, ನನ್ನದೂ ಅಲ್ಲ.

ಆಸ್ಪತ್ರೆಯವರು ಆಗಲ್ಲ ಅಂದರೆ ಯಾರಿಗೆ ಹೇಳಬೇಕು?

ಮೊದಲು ಬಾಯಿಮಾತಿನ "ಆಗಲ್ಲ"ಕ್ಕೆ ವಾಪಸ್ ಬರಬೇಡಿ. ಯಾಕೆ ಆಗಲ್ಲ, ಎಲ್ಲಿಗೆ ಹೋಗಬೇಕು ಅಂತ ರೆಫರ್ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಿ ಅಂದ ತಕ್ಷಣ ಎಷ್ಟೋ ಸಲ ಡಾಕ್ಟರು ಕುರ್ಚಿ ತೋರಿಸಿ ಕೂರಿಸಿದ್ದಾರೆ. ಆಗದಿದ್ದರೆ ತಾಲೂಕು ಆರೋಗ್ಯಾಧಿಕಾರಿ, ಅವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ. ಆರೋಗ್ಯ ಸಹಾಯವಾಣಿ 104, ಮಹಿಳಾ ಸಹಾಯವಾಣಿ 181. ದೂರು ಕೊಡುತ್ತಾ ವಾರ ಕಳೆಯಬೇಡಿ. ಒಂದು ಕಡೆ ದೂರು ನಡೆಯಲಿ, ಇನ್ನೊಂದು ಕಡೆ ಬೇರೆ ಆಸ್ಪತ್ರೆಗೆ ಹೋಗಿ.

ಹೋಗುವಾಗ ಏನೇನು ಒಯ್ಯಬೇಕು?

ಕೊನೆಯ ಮುಟ್ಟಿನ ದಿನ ಬರೆದ ಚೀಟಿ. ಹಿಂದಿನ ಹೆರಿಗೆ, ಸಿಸೇರಿಯನ್ ಕಾಗದಗಳಿದ್ದರೆ ಅವು. ರಕ್ತದ ಗುಂಪಿನ ಚೀಟಿ. ಆಧಾರ್, ರೇಷನ್ ಕಾರ್ಡಿನ ಝೆರಾಕ್ಸ್. ಶಕ್ತಿ ಬಸ್ಸಿಗೂ ಗುರುತಿನ ಚೀಟಿ ಬೇಕಲ್ಲ. ಎರಡು ಪ್ಯಾಡ್ ಪ್ಯಾಕೆಟ್ ಅಥವಾ ತೊಳೆದ ಹತ್ತಿ ಬಟ್ಟೆ, ಒಂದು ಜೊತೆ ಲಂಗ ಸೀರೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ತಡವಾಗಿ ಹೋದರೆ ಓಪಿಡಿ ಚೀಟಿ ಕೊಡುವ ಕಿಟಕಿ ಮುಚ್ಚಿರುತ್ತದೆ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿದ ಕೂಡಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ತಪ್ಪುವ ಹಾಗಿದ್ದರೆ ಅವತ್ತು ವಾರ್ಡಿನಲ್ಲೇ ಉಳಿಯಲು ಬಿಡಿ ಅಂತ ಸಿಸ್ಟರ್‌ಗೆ ಮೊದಲೇ ಹೇಳಿ.